ಕಿಟಕಿಯ ಗಾಜಿಗೆ ಎಷ್ಟು ಶುದ್ಧವಾದ ನೀರು ಬೇಕು?

ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಕಿಟಕಿಗಳ ಹೊರಮೈಯನ್ನು ತೊಳೆಯುವುದು ಪ್ರಾಣಾಪಾಯದ ಕೆಲಸವಾಗಿದೆ. ಏಣಿಯನ್ನೋ ಹಗ್ಗವನ್ನೋ ನಂಬಿ ಮೇಲೇರುವ ಕೆಲಸಗಾರನು ಒಂದು ಕ್ಷಣ ಆಯ ತಪ್ಪಿದರೂ ಅನಾಹುತವಾಗಬಹುದು. ಈ ಅಪಾಯವನ್ನು ತಗ್ಗಿಸುವ ವಿಧಾನಗಳಲ್ಲಿ ಶುದ್ಧಜಲ ವಿಧಾನವೂ ಒಂದು. ಇದರಲ್ಲಿ ಹಗುರವಾದ ಉದ್ದನೆಯ ಕೋಲಿನ ತುದಿಗೆ ಬ್ರಷ್ ಇರುತ್ತದೆ. ಕೋಲಿನೊಡನೆ ಸಾಗುವ ಕೊಳವೆಯ ಮೂಲಕ ನೀರು ಬ್ರಷ್ಷಿಗೆ ತಲುಪುತ್ತದೆ. ಕೆಲಸಗಾರನು ನೆಲದ ಮೇಲೆಯೇ ನಿಂತು ಮೂರು ನಾಲ್ಕು ಅಂತಸ್ತುಗಳವರೆಗಿನ ಗಾಜನ್ನು ಉಜ್ಜಿ ತೊಳೆಯಬಹುದು. ಬ್ರಿಟನ್ನಿನಲ್ಲಿ ಈ ವಿಧಾನವು ವ್ಯಾಪಕವಾಗಿ ಬಳಕೆಯಲ್ಲಿದೆ. ಎತ್ತರದಲ್ಲಿ ಮಾಡುವ ಕೆಲಸವನ್ನು ಸಾಧ್ಯವಿದ್ದಲ್ಲೆಲ್ಲ ತಪ್ಪಿಸಬೇಕೆಂದು ಅಲ್ಲಿನ 2005ರ ನಿಯಮಗಳು ವಿಧಿಸುತ್ತವೆ.

ಈ ವಿಧಾನದಲ್ಲಿ ಸಾಮಾನ್ಯವಾಗಿ ಸಾಬೂನನ್ನು ಬಳಸುವುದಿಲ್ಲ. ಗಾಜನ್ನು ಬಟ್ಟೆಯಿಂದ ಒರೆಸುವುದೂ ಇಲ್ಲ. ತೊಳೆದ ಗಾಜು ತಾನಾಗಿಯೇ ಒಣಗಬೇಕು. ಒಣಗಿದ ಮೇಲೆ ಕಲೆ ಉಳಿಯಬಾರದೆಂದರೆ, ಕಲೆಯಾಗಬಲ್ಲ ಪದಾರ್ಥವೇ ನೀರಿನಲ್ಲಿ ಇರಕೂಡದು. ಆದುದರಿಂದ ನೀರಿನ ಶುದ್ಧತೆಯ ನಿರ್ವಹಣೆಯೇ ಈ ಕೆಲಸದ ತಿರುಳು.

ಕಲೆಗೆ ಕಾರಣವೇನು?

ನಲ್ಲಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಮುಂತಾದವುಗಳ ಲವಣಗಳು ಕರಗಿರುತ್ತವೆ. ನೀರು ಆವಿಯಾಗುತ್ತದೆ, ಲವಣಗಳು ಗಾಜಿನ ಮೇಲೆಯೇ ಉಳಿಯುತ್ತವೆ. ಹೀಗೆ ಕರಗಿರುವ ಪದಾರ್ಥಗಳ ಒಟ್ಟು ಪ್ರಮಾಣವನ್ನು ಟಿ.ಡಿ.ಎಸ್. ಎಂದು ಕರೆಯುತ್ತಾರೆ. ಇದನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ವಾಡಿಕೆ.

ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದ ಪ್ರಕಾರ ಟಿ.ಡಿ.ಎಸ್. 500ರವರೆಗೆ ಸ್ವೀಕಾರಾರ್ಹ; ಬೇರೆ ಜಲಮೂಲವಿಲ್ಲದಿದ್ದಲ್ಲಿ 2000ದವರೆಗೆ ಅನುಮತಿಸಬಹುದು. ಆದರೆ ಒರೆಸದೆ ಒಣಗಬೇಕಾದ ಗಾಜಿಗೆ 10ಕ್ಕಿಂತ ಕಡಿಮೆ, ಸಾಧ್ಯವಾದರೆ ಸೊನ್ನೆಗೆ ಹತ್ತಿರವಾದ ನೀರು ಬೇಕು. ಕುಡಿಯಲು ಯೋಗ್ಯವಾದ ನೀರೆಲ್ಲವೂ ಗಾಜಿಗೆ ಯೋಗ್ಯವಲ್ಲ. ಅಂತೆಯೇ ಗಾಜಿಗೆಂದು ತಯಾರಿಸಿದ ನೀರು ರೋಗಾಣುಮುಕ್ತವೆಂಬ ಭರವಸೆಯಿಲ್ಲದ ಕಾರಣ ಅದನ್ನು ಕುಡಿಯಬಾರದು.

ಮೊದಲು ಅಳೆಯಿರಿ

ಒಂದೇ ನಗರದಲ್ಲಿಯೂ ನೀರಿನ ಗುಣ ಒಂದೇ ಆಗಿರುವುದಿಲ್ಲ. ಮುಂಬಯಿಗೆ ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬರುವ ನೀರು ಮುಖ್ಯವಾಗಿ ಮಳೆಯ ನೀರಾದುದರಿಂದ ಅದರಲ್ಲಿ ಲವಣಾಂಶ ಕಡಿಮೆ. ಚೆನ್ನೈನ ಕರಾವಳಿ ಭಾಗದ ಕೊಳವೆಬಾವಿಗಳಲ್ಲಿ ಸಮುದ್ರದ ಉಪ್ಪು ಬೆರೆತಿರುವುದುಂಟು. ಹೈದರಾಬಾದಿನಲ್ಲಿಯೂ ದೆಹಲಿಯಲ್ಲಿಯೂ ನದಿಯ ನೀರು ಬಳಸುವ ಮನೆಗೂ ಕೊಳವೆಬಾವಿಯ ನೀರು ಬಳಸುವ ಮನೆಗೂ ಬಹಳ ಅಂತರವಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ನೀರು ತೊಟ್ಟಿಗೆ ಸೇರಿದರೆ ಅದೇ ನಲ್ಲಿಯ ಲೆಕ್ಕವೇ ಬದಲಾಗುತ್ತದೆ.

ಆದುದರಿಂದ ಯಂತ್ರೋಪಕರಣ ಕೊಳ್ಳುವ ಮುನ್ನ ನೀರನ್ನು ಅಳೆಯಬೇಕು. ಕಡಿಮೆ ಬೆಲೆಯ ಕೈಮೀಟರು ಸಾಕು. ಅದು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು ಟಿ.ಡಿ.ಎಸ್. ಅಂದಾಜನ್ನು ತೋರಿಸುತ್ತದೆ. ಆದರೆ ಈ ಮೀಟರು ರೋಗಾಣುಗಳನ್ನಾಗಲಿ, ವಿದ್ಯುತ್ತನ್ನು ಸಾಗಿಸದ ಕಲ್ಮಶಗಳನ್ನಾಗಲಿ ತೋರಿಸದು ಎಂಬುದನ್ನು ಮರೆಯಬಾರದು.

ಶುದ್ಧೀಕರಣದ ಹಂತಗಳು

ಮೊದಲನೆಯ ಹಂತದಲ್ಲಿ ಮಣ್ಣು, ತುಕ್ಕಿನ ಕಣಗಳನ್ನು ತಡೆಯುವ ಶೋಧಕವಿರುತ್ತದೆ. ಎರಡನೆಯದು ಇಂಗಾಲದ ಶೋಧಕ. ನಗರಪಾಲಿಕೆಯ ನೀರಿನಲ್ಲಿರುವ ಕ್ಲೋರಿನ್ ಮುಂದಿನ ಹಂತದ ಪೊರೆಯನ್ನು ಹಾಳುಮಾಡುವುದರಿಂದ ಅದನ್ನು ಇಲ್ಲಿ ತೆಗೆಯಲಾಗುತ್ತದೆ. ಮೂರನೆಯದು ಆರ್.ಓ. ಪೊರೆ. ಒತ್ತಡದಿಂದ ನೀರನ್ನು ಇದರ ಮೂಲಕ ಹಾಯಿಸಿದಾಗ ಲವಣಗಳ ಬಹುಪಾಲು ಹಿಂದೆಯೇ ಉಳಿಯುತ್ತದೆ. ಕೊನೆಯದು ಅಯಾನು ವಿನಿಮಯ ಮಾಡುವ ರಾಳದ ಹರಳುಗಳ ಹಂತ. ಇವು ಅಳಿದುಳಿದ ಲವಣದ ಅಯಾನುಗಳನ್ನು ಹಿಡಿದುಕೊಂಡು, ಅವುಗಳ ಬದಲಿಗೆ ನೀರಾಗಿ ಕೂಡಿಕೊಳ್ಳುವ ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ಅಯಾನುಗಳನ್ನು ಬಿಟ್ಟುಕೊಡುತ್ತವೆ.

ರಾಳಕ್ಕೆ ಒಂದು ಮಿತಿಯಿದೆ. ಹಿಡಿದುಕೊಳ್ಳುವ ಶಕ್ತಿ ಮುಗಿದರೆ ಅದನ್ನು ಬದಲಿಸಬೇಕು. ನಲ್ಲಿಯಲ್ಲಿ 500 ಇರುವ ಟಿ.ಡಿ.ಎಸ್. ಪ್ರಮಾಣವನ್ನು ಪೊರೆಯು ಶೇಕಡಾ 95ರಷ್ಟು ಇಳಿಸಿದರೆ ಉಳಿಯುವುದು 25. ಅಂದರೆ ರಾಳದ ಮೇಲಿನ ಹೊರೆ 20ರಲ್ಲಿ ಒಂದು ಪಾಲಿಗೆ ಇಳಿದು, ಅದು ಸುಮಾರು 20 ಪಟ್ಟು ಹೆಚ್ಚು ನೀರಿಗೆ ಒದಗುತ್ತದೆ. ನಲ್ಲಿಯ ನೀರೇ 100ಕ್ಕಿಂತ ಕಡಿಮೆಯಿದ್ದರೆ, ಸಣ್ಣ ಕೆಲಸಕ್ಕೆ ಪೊರೆಯಿಲ್ಲದೆ ರಾಳವೊಂದೇ ಸಾಕಾಗಬಹುದು.

ಗಡಸುತನ ನೀಗಿಸುವ ಸಾಮಾನ್ಯ ಯಂತ್ರವು ಈ ಕೆಲಸಕ್ಕೆ ಒದಗದು. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಜಾಗದಲ್ಲಿ ಸೋಡಿಯಂ ಅನ್ನು ಇಡುತ್ತದೆಯೇ ಹೊರತು ಲವಣಗಳ ಒಟ್ಟು ಪ್ರಮಾಣವನ್ನು ತಗ್ಗಿಸುವುದಿಲ್ಲ. ನೀರನ್ನು ಕುದಿಸಿದರೂ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ.

ನಿರ್ವಹಣೆ ಹೇಗೆ?

ನಲ್ಲಿಯಲ್ಲಿ, ಪೊರೆಯ ನಂತರ, ರಾಳದ ನಂತರ ಎಂದು ಮೂರು ಕಡೆ ಅಳೆದು ದಿನಾಂಕ ಸಹಿತ ಬರೆದಿಡಬೇಕು. ಪೊರೆಯ ನಂತರದ ಅಂಕಿ ದಿನೇ ದಿನೇ ಏರಿದರೆ ಪೊರೆಯನ್ನೂ ಅದರ ಮುಂದಿನ ಶೋಧಕಗಳನ್ನೂ ಪರೀಕ್ಷಿಸಬೇಕು. ರಾಳದ ನಂತರದ ಅಂಕಿ 10ರತ್ತ ಸಾಗಿದರೆ ರಾಳವನ್ನು ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ತಾರಸಿಯ ತೊಟ್ಟಿಯ 10 ಮೀಟರ್ ಎತ್ತರದಿಂದ ದೊರೆಯುವ ಒತ್ತಡ ಸುಮಾರು ಒಂದು ಬಾರ್ ಮಾತ್ರ. ಪೊರೆಗೆ ಇದು ಸಾಲದಾದ್ದರಿಂದ ಪಂಪು ಬೇಕಾಗುತ್ತದೆ. ಚಳಿಗಾಲದಲ್ಲಿ ನೀರು ತಣ್ಣಗಾದಂತೆ ಪೊರೆಯಿಂದ ಹೊರಬರುವ ನೀರು ಕಡಿಮೆಯಾಗುವುದು ಸಹಜ; ಅದು ದೋಷವಲ್ಲ.

ಅಂಕಿ ಸೊನ್ನೆಯಿದ್ದೂ ಕಲೆ ಕಂಡರೆ ನೀರನ್ನು ದೂರಬೇಕಾಗಿಲ್ಲ. ಚೌಕಟ್ಟಿನ ಧೂಳು ಇಳಿದು ಬಂದಿರಬಹುದು. ಚೌಕಟ್ಟನ್ನು ಮೊದಲು ತೊಳೆದು, ಗಾಜಿನ ಮೇಲೆ ಧಾರಾಳವಾಗಿ ನೀರು ಹರಿಸಬೇಕು. ವರ್ಷಗಳಿಂದ ಗಾಜನ್ನು ಕೊರೆದು ಕೂತ ಹಳೆಯ ಕಲೆಗಳು ಶುದ್ಧ ನೀರಿಗೂ ಬಗ್ಗುವುದಿಲ್ಲ.

ಎರಡು ಎಚ್ಚರಿಕೆಗಳು

ಆರ್.ಓ. ಪೊರೆಯು ಲವಣಭರಿತ ನೀರನ್ನು ಹೊರಹಾಕುತ್ತದೆ. ಅನೇಕ ಯಂತ್ರಗಳಲ್ಲಿ ಇದು ದೊರೆಯುವ ಶುದ್ಧ ನೀರಿನಷ್ಟೇ ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ಕುಡಿಯುವ ನೀರಿಗೆ ಕೊಡಗಳು ಸಾಲುಗಟ್ಟುವ ನಗರಗಳಲ್ಲಿ ಇದನ್ನು ಚರಂಡಿಗೆ ಬಿಡುವುದು ಸಲ್ಲದು. ನೆಲ ಸಾರಿಸಲು, ಶೌಚಾಲಯಕ್ಕೆ ಇದನ್ನು ಬಳಸಬಹುದು. ಗಿಡಗಳಿಗೆ ಹಾಕುವ ಮುನ್ನ ಲವಣಾಂಶವನ್ನು ನೋಡಿಕೊಳ್ಳಬೇಕು.

ಎರಡನೆಯದಾಗಿ, ಕೋಲು ವಿದ್ಯುತ್ ತಂತಿಗೆ ತಗಲದಂತೆ ನೋಡಿಕೊಳ್ಳಬೇಕು. ಕಾರ್ಬನ್ ಫೈಬರಿನ ಕೋಲು ವಿದ್ಯುದ್ವಾಹಕವಾಗಿದೆ. ತಂತಿಗಳ ಸಮೀಪದಲ್ಲಿ ಈ ವಿಧಾನವನ್ನು ಬಳಸಲೇಬಾರದು. ಬೀಳುವ ಭಯದಿಂದ ಪಾರುಮಾಡಲು ತಂದ ಸಾಧನವು ಕೆಲಸಗಾರನಿಗೆ ಬೇರೊಂದು ಅಪಾಯವನ್ನು ತಂದೊಡ್ಡಬಾರದು.

ಗಾಜು ತೊಳೆಯುವ ಕೆಲಸವನ್ನು ಗುತ್ತಿಗೆಗೆ ಕೊಡುವ ವಸತಿ ಸಂಘಗಳು ದರವನ್ನು ಮಾತ್ರ ವಿಚಾರಿಸಿದರೆ ಸಾಲದು. ನೀರಿನ ಅಳತೆಯ ದಾಖಲೆ ಇದೆಯೇ, ಉಳಿಕೆ ನೀರು ಎಲ್ಲಿಗೆ ಹೋಗುತ್ತದೆ, ಕೆಲಸಗಾರನು ಎಲ್ಲಿ ನಿಲ್ಲುತ್ತಾನೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಪಡೆದ ಮೇಲೆಯೇ ಒಪ್ಪಿಗೆ ನೀಡುವುದು ಉಚಿತ.