ಮಾತ್ರೆ ಕೊಡುವ ಕೈಯೂ ದಾದಿಯ ಹೊಣೆಯೂ

ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಂತಿದ್ದ ಮತ್ತೋಡಿನ ಸುತ್ತಣ ಹಳ್ಳಿಗಳಲ್ಲಾಗಲಿ, ಹಿರಿಯೂರು ಹೊಳಲ್ಕೆರೆಗಳ ಸೀಮೆಯಲ್ಲಿ ಚದುರಿಕೊಂಡಿರುವ ಗೊಲ್ಲರಹಟ್ಟಿಗಳಲ್ಲಾಗಲಿ, ಒಬ್ಬ ಬಸುರಿಯ, ಒಂದು ಮಗುವಿನ, ಅಥವಾ ರಕ್ತದೊತ್ತಡದಿಂದ ಬಳಲುವ ಒಬ್ಬ ವೃದ್ಧನ ಅಂಗೈಗೆ ಸರ್ಕಾರದ ಔಷಧವು ಬಂದು ತಲಪುವ ಬಗೆಯನ್ನು ಗಮನವಿಟ್ಟು ನೋಡಿದರೆ, ಅದನ್ನು ಕೊಡುವವರು ಬಹುಮಟ್ಟಿಗೆ ಆಶಾ ಕಾರ್ಯಕರ್ತೆಯೋ ಅಂಗನವಾಡಿಯ ಕಾರ್ಯಕರ್ತೆಯೋ ಶಾಲೆಯ ಉಪಾಧ್ಯಾಯರೋ ಆಗಿರುವುದು ಕಂಡುಬರುತ್ತದೆ. ಇವರಾರೂ ಶುಶ್ರೂಷಾ ವಿದ್ಯೆಯಲ್ಲಿ ಪರೀಕ್ಷೆ ಕೊಟ್ಟು ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿಕೊಂಡವರಲ್ಲ. ಅವರ ಕೈಗೆ ಮಾತ್ರೆಯನ್ನು ಒಪ್ಪಿಸಿ, ಕೊಡುವ ಕ್ರಮವನ್ನು ತಿಳಿಸಿ, ತಿಂಗಳ ಕೊನೆಗೆ ಲೆಕ್ಕವನ್ನು ಕೇಳುವವಳು ಉಪಕೇಂದ್ರದ ದಾದಿ. ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ಆ ಮಾತ್ರೆಯಿಂದ ಕೇಡಾದರೆ ಉತ್ತರ ಹೇಳತಕ್ಕವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿರುವುದು ಬಲು ಅಪೂರ್ವ.

ಇದು ಕಾನೂನಿಗೆ ವಿರುದ್ಧವಾಗಿ ನಡೆಯುತ್ತಿರುವ ಕಾರ್ಯವೆಂದು ಯಾರೂ ಶಂಕಿಸಬೇಕಾದುದಿಲ್ಲ. 1945ರ ಔಷಧ ನಿಯಮಗಳ ‘ಕೆ’ ಅನುಸೂಚಿಯು, ಸರ್ಕಾರದ ಆರೋಗ್ಯ ಕಾರ್ಯಕ್ರಮಗಳ ಅಂಗವಾಗಿ ಉಪಕೇಂದ್ರದ ದಾದಿಯರೂ ಗ್ರಾಮದ ಆರೋಗ್ಯ ಸ್ವಯಂಸೇವಕರೂ ಅಂಗನವಾಡಿ ಕಾರ್ಯಕರ್ತೆಯರೂ ಹಂಚುವ ಔಷಧಗಳನ್ನು ಮಾರಾಟದ ಪರವಾನಗಿಯ ನಿರ್ಬಂಧದಿಂದ ಬಿಡುಗಡೆ ಮಾಡಿದೆ. 2005ರ ಏಪ್ರಿಲ್ ತಿಂಗಳಲ್ಲಿ ಮೊದಲಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು, ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ನೇಮಿಸಿ, ಓ.ಆರ್.ಎಸ್. ಪೊಟ್ಟಣ, ಪ್ಯಾರಾಸಿಟಮಾಲ್, ಕಬ್ಬಿಣಾಂಶದ ಮಾತ್ರೆ ಮುಂತಾದವುಗಳ ಪೆಟ್ಟಿಗೆಯನ್ನು ಅವಳಿಗೆ ಒಪ್ಪಿಸಿತು. ಅನುಮತಿ ಹೀಗೆ ಸ್ಪಷ್ಟವಾಗಿದೆ. ಹೊಣೆ ಮಾತ್ರ ಮಸುಕಾಗಿಯೇ ಉಳಿದಿದೆ.

ಮಾತ್ರೆ ಕೊಡುವುದರಲ್ಲಿ ಅಂಥ ವಿದ್ಯೆಯೇನಿದೆ ಎನ್ನುವವರು ಜಂತುಹುಳು ನಿವಾರಣಾ ದಿನದಂದು ಒಂದು ಅಂಗನವಾಡಿಗೆ ಹೋಗಿ ನಿಂತು ನೋಡಬೇಕು. 2015ರಿಂದ ಫೆಬ್ರವರಿ 10ನೆಯ ದಿನವು ಇದಕ್ಕೆಂದು ಗೊತ್ತಾಗಿದೆ. ಅಲ್ಬೆಂಡಜೋಲ್ 400 ಮಿಲಿಗ್ರಾಮಿನ ಮಾತ್ರೆಯನ್ನು ಎರಡು ವರ್ಷ ತುಂಬಿದವರಿಗೆ ಇಡಿಯಾಗಿ, ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ ಮಾತ್ರ, ಅದನ್ನೂ ಎರಡು ಚಮಚಗಳ ನಡುವೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡತಕ್ಕದ್ದು. ಅಳುತ್ತಿರುವ ಮಗುವಿನ ಬಾಯಿಗೆ ಮಾತ್ರೆಯನ್ನು ಹಾಗೆಯೇ ತುರುಕಿದರೆ ಅದು ಉಸಿರಿನ ದಾರಿಗೆ ಸಿಕ್ಕಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಜ್ವರದಲ್ಲಿರುವ ಮಗುವಿಗೆ ಆ ದಿನ ಕೊಡುವಂತೆಯೇ ಇಲ್ಲ. ಕಬ್ಬಿಣಾಂಶದ ಮಾತ್ರೆಯ ವಿಚಾರವೂ ಇಷ್ಟೇ ಸೂಕ್ಷ್ಮವಾದುದು. ಐದು ತುಂಬದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಒಂದು ಮಿಲಿಲೀಟರ್ ಸಿರಪ್ಪು, ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, ಹದಿಹರೆಯದವರಿಗೆ ನೀಲಿ, ಗರ್ಭಿಣಿಗೆ ದಿನವೂ ಕೆಂಪು ಎಂದು ಬಣ್ಣಗಳನ್ನೇ ಬೇರೆಮಾಡಿ ಇಟ್ಟಿರುವುದು, ಓದುಬರಹ ಹೆಚ್ಚಿಲ್ಲದ ಕೈಯೂ ತಪ್ಪದಿರಲೆಂಬ ವಿವೇಕದಿಂದ. ಬರಿಯ ಹೊಟ್ಟೆಯಲ್ಲಿ ನುಂಗಿದ ಹುಡುಗಿ ವಾಂತಿ ಮಾಡಿಕೊಂಡರೆ ಇಡೀ ತರಗತಿಯೇ ಮರುವಾರ ಮಾತ್ರೆಯನ್ನು ಬೇಡವೆನ್ನುತ್ತದೆ. ತಾಯಿಗೆಂದು ಕೊಟ್ಟ ಕೆಂಪು ಮಾತ್ರೆಗಳು ಮಿಠಾಯಿಯಂತೆ ಕಂಡು ಮಗುವಿನ ಬಾಯಿಗೆ ಹಲವು ಸೇರಿದರೆ ಅದು ಮಾರಕವಾದ ವಿಷವೇ ಸರಿ. ಈ ಸಂಗತಿಗಳಲ್ಲಿ ಒಂದೊಂದನ್ನೂ, ಮಾತ್ರೆ ಕೊಡುವವರನ್ನು ಮೊದಲೇ ಕೂಡಿಸಿ ಹೇಳಿ, ಹೇಳಿದ್ದು ಮನಸ್ಸಿಗೆ ಹತ್ತಿದೆಯೇ ಎಂದು ಕಣ್ಣಾರೆ ನೋಡಿ ತಿಳಿಯುವುದೇ ದಾದಿಯ ನಿಜವಾದ ಕೆಲಸ. ಪೊಟ್ಟಣಗಳನ್ನು ಎಣಿಸಿ ಸಹಿ ಹಾಕಿಸಿಕೊಳ್ಳುವುದು ಅದರ ಅತ್ಯಲ್ಪ ಭಾಗ.

ಶುಶ್ರೂಷೆಯನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದ ಫ್ಲಾರೆನ್ಸ್ ನೈಟಿಂಗೇಲ್, ‘ನೋಟ್ಸ್ ಆನ್ ನರ್ಸಿಂಗ್’ ಎಂಬ ತನ್ನ ಪುಸ್ತಕದಲ್ಲಿ, ಮೇಲ್ವಿಚಾರಣೆ ವಹಿಸಿಕೊಂಡವಳು ತಾನು ಮಾಡುವುದನ್ನು ಸರಿಯಾಗಿ ಮಾಡಿದರೆ ಸಾಲದು, ತಾನಿಲ್ಲದ ಹೊತ್ತಿನಲ್ಲಿಯೂ ಅದು ಸರಿಯಾಗಿಯೇ ನಡೆಯುವಂತೆ ಏರ್ಪಾಡು ಮಾಡಿರಬೇಕು ಎಂಬ ವಿಚಾರವನ್ನು ಒಂದು ಅಧ್ಯಾಯದಷ್ಟು ದೀರ್ಘವಾಗಿ ಪ್ರತಿಪಾದಿಸಿದ್ದಾಳೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ವೃದ್ಧರ ಆರೈಕೆಯ ಮನೆಗಳಲ್ಲಿ ಪರವಾನಗಿಯಿಲ್ಲದ ಸಹಾಯಕರು ಔಷಧ ಕೊಡುವ ಪದ್ಧತಿಯನ್ನು ಕಾನೂನೇ ಒಪ್ಪಿಕೊಂಡಿದೆ. ಅಲ್ಲಿನ ಶುಶ್ರೂಷಾ ಧರ್ಮದಲ್ಲಿ ಮಾನ್ಯವಾದ ತತ್ತ್ವವೊಂದುಂಟು: ದಾದಿಯು ಕಾರ್ಯವನ್ನು ಇನ್ನೊಬ್ಬರಿಗೆ ವಹಿಸಬಹುದು, ಉತ್ತರದಾಯಿತ್ವವನ್ನು ವಹಿಸಲಾಗದು. ಆದರೆ ಅದರೊಡನೆಯೇ ಅವಳಿಗೊಂದು ಅಧಿಕಾರವೂ ಲಭಿಸಿದೆ. ವಹಿಸತಕ್ಕ ವ್ಯಕ್ತಿ ಯೋಗ್ಯನಲ್ಲವೆಂದು, ಅಥವಾ ರೋಗಿಯ ಸ್ಥಿತಿ ಅದಕ್ಕೆ ತಕ್ಕುದಲ್ಲವೆಂದು ತೋರಿದಲ್ಲಿ ಅವಳು ವಹಿಸದೆ ನಿರಾಕರಿಸಬಹುದು.

ನಮ್ಮ ದಾದಿಗೆ ಆ ಅಧಿಕಾರವೆಲ್ಲಿಯದು? ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರವೆಂಬುದು ಗೊತ್ತಾದ ಪ್ರಮಾಣ. ಚುಚ್ಚುಮದ್ದು, ಗರ್ಭಿಣಿಯರ ತಪಾಸಣೆ, ಹತ್ತಾರು ದಾಖಲೆ ಪುಸ್ತಕಗಳು, ಈಗ ಅವುಗಳ ಮೇಲೆ ಮೊಬೈಲಿನ ಆ್ಯಪ್‌ಗಳು, ಇವೆಲ್ಲದರ ನಡುವೆ ಅವಳು ಮೇಲ್ವಿಚಾರಣೆ ನಡೆಸಬೇಕಾದ ಆಶಾ ಕಾರ್ಯಕರ್ತೆಯು ಸರ್ಕಾರದ ನೌಕರಳೆನಿಸದೆ ಪ್ರೋತ್ಸಾಹಧನವನ್ನು ನೆಚ್ಚಿ ದುಡಿಯುವ ಸ್ವಯಂಸೇವಕಿ. ಅಂಗನವಾಡಿಯವಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದವಳು. ಉಪಾಧ್ಯಾಯರು ಶಿಕ್ಷಣ ಇಲಾಖೆಯವರು. ಮೂವರಲ್ಲಿ ಒಬ್ಬರಿಗಾದರೂ ಈ ಹೊತ್ತು ನೀವು ಮಾತ್ರೆ ಕೊಡಕೂಡದು ಎಂದು ಆಜ್ಞಾಪಿಸುವ ಹಕ್ಕು ಆಕೆಗಿಲ್ಲ. ನಿರಾಕರಿಸುವ ಹಕ್ಕಿಲ್ಲದವಳ ಮೇಲೆ ಫಲಾಫಲದ ಹೊಣೆಯನ್ನೆಲ್ಲ ಹೇರುವುದು ಅನ್ಯಾಯವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹಾಗೆಂದ ಮಾತ್ರಕ್ಕೆ ಔಷಧವನ್ನು ಇವರ ಕೈಯಿಂದ ಕಿತ್ತುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕ್ಷಯರೋಗಿಯನ್ನು ಸ್ಯಾನಟೋರಿಯಮ್ಮಿನಲ್ಲಿ ಇರಿಸದೆ ಮನೆಯಲ್ಲಿಯೇ ಗುಣಪಡಿಸಬಹುದೆಂದು ಮದರಾಸಿನಲ್ಲಿ ನಡೆದ ಅಧ್ಯಯನವು 1959ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಗಿ, 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿಯನ್ನು ಹಾಕಿತು. ಮುಂದೆ ‘ಡಾಟ್ಸ್’ ಪದ್ಧತಿ ಬಂದ ಮೇಲೆ ಆಶಾ ಕಾರ್ಯಕರ್ತೆ, ಉಪಾಧ್ಯಾಯ, ನೆರೆಮನೆಯವರು ರೋಗಿಯ ಎದುರಿನಲ್ಲಿ ಕುಳಿತು ಮಾತ್ರೆ ನುಂಗಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಪ್ರತಿಯೊಬ್ಬ ರೋಗಿಗೂ ಪ್ರತ್ಯೇಕವಾದ ಚಿಕಿತ್ಸಾ ಕಾರ್ಡು ಅಲ್ಲಿತ್ತು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಯಾರ ಬಳಿಗೆ ಓಡಬೇಕೆಂಬುದು ಗೊತ್ತಾಗಿತ್ತು. ಅಶಿಕ್ಷಿತ ಕೈ ಸುರಕ್ಷಿತವಾದದ್ದು ಅದರ ಹಿಂದಿದ್ದ ವ್ಯವಸ್ಥೆಯಿಂದ.

ಈ ವ್ಯವಸ್ಥೆ ಇನ್ನಷ್ಟು ಅಗತ್ಯವಾಗುವ ಕಾಲ ಬಂದಿದೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಾದ ‘ಗೃಹ ಆರೋಗ್ಯ’ ಯೋಜನೆಯಂತೆ ಸಕ್ಕರೆ ಕಾಯಿಲೆ ರಕ್ತದೊತ್ತಡಗಳ ಔಷಧವೂ ಮನೆಬಾಗಿಲಿಗೆ ಬರತೊಡಗಿದೆ. ಊಟ ಬಿಟ್ಟ ದಿನ ಸಕ್ಕರೆಯ ಕೆಲವು ಮಾತ್ರೆಗಳನ್ನು ನುಂಗಿದ ಮುದುಕಿ ಪ್ರಜ್ಞೆ ತಪ್ಪಬಹುದು. ಇದನ್ನು ಅರಿಯದವರು ಆ ಚೀಲವನ್ನು ಹೊರಬಾರದು. ಊರೂರಿಗೂ ಏಳುತ್ತಿರುವ ವೃದ್ಧಾಶ್ರಮಗಳಲ್ಲಿ ಅಡುಗೆಯವರೋ ಕಾವಲಿನವರೋ ಮಾತ್ರೆ ಹಂಚುವಂತಿದ್ದರೆ, ಅಲ್ಲಿಗೂ ನೋಂದಾಯಿತ ದಾದಿಯೊಬ್ಬಳ ಲಿಖಿತ ಸೂಚನೆಯೂ ನಿಯತವಾದ ಭೇಟಿಯೂ ಕಡ್ಡಾಯವಾಗತಕ್ಕದ್ದು.

ಪ್ರತಿ ಗ್ರಾಮದಲ್ಲಿಯೂ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯೊಂದು ಇರತಕ್ಕದ್ದೆಂದು ನಿಯಮವಿದೆ. ಮತ್ತೋಡು ಹೋಬಳಿಯ ಓದುಗರೂ ಬೇರೆ ಸೀಮೆಯವರೂ ಮುಂದಿನ ಗ್ರಾಮಸಭೆಗೆ ಹೋದಾಗ, ನಮ್ಮೂರಿನಲ್ಲಿ ಮಾತ್ರೆ ಕೊಡುವವರಿಗೆ ನರ್ಸಮ್ಮ ಯಾವಾಗ ತರಬೇತಿ ಕೊಟ್ಟರು, ಅದನ್ನು ಎಲ್ಲಿ ಬರೆದಿಟ್ಟಿದ್ದಾರೆ, ಬೇಡವೆನ್ನಲು ನರ್ಸಮ್ಮನಿಗೆ ಅಧಿಕಾರವುಂಟೇ ಎಂಬ ಮೂರು ಪ್ರಶ್ನೆಗಳನ್ನು ಎದ್ದುನಿಂತು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕೆಂದು ಬೇಡಿಕೊಳ್ಳುತ್ತೇನೆ.