ಕಿನ್ನಾಳದ ಗೊಂಬೆ: ಬಣ್ಣದ ಕೆಳಗಿನ ಕೆಲಸ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಯನ್ನು ಕೈಗೆತ್ತಿಕೊಂಡವರಿಗೆ ಮೊದಲು ಅಚ್ಚರಿಯಾಗುವುದು ಅದು ಎಷ್ಟು ಹಗುರ ಎಂಬುದು. ಚಿತ್ರಗಾರ ಮನೆತನದವರು ಹಗುರವಾದ ಮರವನ್ನೇ ಆರಿಸುತ್ತಾರೆ. ಕೆತ್ತಿದ ಅವಯವಗಳನ್ನು ಕೂಡಿಸಿದ ಮೇಲೆ ಬಳಿಯಲು ‘ಕಿಟ್ಟ’ ಬೇಕು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆಯ ಹೊಟ್ಟಿನೊಡನೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಅದೇ ಕಿಟ್ಟ. ಮೈಗೆಲ್ಲ ಹತ್ತಿಯ ಎಳೆ ಅಂಟಿಸಿ, ಮೇಲೆ ನುಣ್ಣನೆಯ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಗರುಡನ ಒಡವೆಗಳು ಕೆತ್ತನೆಯವಲ್ಲ, ಅದೇ ಪುಡಿಗೆ ಗೋಂದು ಬೆರೆಸಿ ಉಬ್ಬಿಸಿದವು! ಬಣ್ಣದ ಸರದಿ ಆಮೇಲೆ.

ಭೌಗೋಳಿಕ ಸೂಚಕ ಮಾನ್ಯತೆ ಕಿನ್ನಾಳದ ಹೆಸರನ್ನೇನೋ ಕಾಪಾಡುತ್ತದೆ. ಆದರೆ ಲೇಪಗಳು ಒಣಗಲು ಕಾಯುವ ದಿನಗಳಿಗೆ ಬೆಲೆ ಕಟ್ಟುವವರು ಕಡಿಮೆ. ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಯೂ ದೂರದಿಂದ ಹಾಗೆಯೇ ಹೊಳೆಯುತ್ತದೆ.