ಗುಂಡುತೋಪಿನಲ್ಲಿ ಕಟ್ಟಡ: ಗ್ರಾಮಸಭೆಯ ನಿರ್ಣಯಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಊರಿಗೆ ಅಂಗನವಾಡಿ ಬೇಕು, ಸಮುದಾಯ ಭವನ ಬೇಕು, ನೀರಿನ ಟ್ಯಾಂಕು ಬೇಕು, ಕಸ ವಿಲೇವಾರಿ ಘಟಕ ಬೇಕು. ಅನುದಾನ ಮಂಜೂರಾಗಿದ್ದರೂ ನಿವೇಶನ ದೊರೆಯುವುದಿಲ್ಲ. ಆಗ ಎಲ್ಲರ ಕಣ್ಣು ಊರಂಚಿನ ಗುಂಡುತೋಪಿನ ಮೇಲೆ ಬೀಳುತ್ತದೆ. ಅದು ಯಾರ ಹಿಡುವಳಿಯೂ ಅಲ್ಲ, ಯಾರಿಗೂ ಪರಿಹಾರ ಕೊಡಬೇಕಾಗಿಲ್ಲ, ಅನುದಾನ ವಾಪಸಾಗುವ ಮುನ್ನ ಕೆಲಸ ಆರಂಭಿಸಬಹುದು ಎಂಬ ಲೆಕ್ಕಾಚಾರ ನಡೆಯುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಊರು ಎರಡು ಪಂಗಡವಾಗುತ್ತದೆ. ಒಂದು ಪಂಗಡವನ್ನು ಅಭಿವೃದ್ಧಿ ವಿರೋಧಿಗಳೆಂದೂ ಇನ್ನೊಂದನ್ನು ಮರ ಕಡಿಯುವವರೆಂದೂ ಕರೆಯುವಲ್ಲಿಗೆ ಚರ್ಚೆ ಮುಗಿಯುತ್ತದೆ. ಎರಡೂ ಕಡೆಯವರು ಜಾಗದ ದಾಖಲೆಯನ್ನು ನೋಡಿರುವುದು ಮಾತ್ರ ಅಪರೂಪ.

ಹಳೆಯ ಮೈಸೂರು ಸೀಮೆಯ ಬಹುತೇಕ ಗ್ರಾಮಗಳಲ್ಲಿ ಗುಂಡುತೋಪು ಎಂಬ ಹೆಸರಿನ ಸಾರ್ವಜನಿಕ ಮರದೋಪುಗಳಿವೆ. ಮಾವು, ಹುಣಸೆ, ಹೊಂಗೆ, ಇಪ್ಪೆ, ನೇರಳೆ ಇಲ್ಲಿನ ಸಾಮಾನ್ಯ ಮರಗಳು. ದಾರಿಹೋಕರು ಗಾಡಿ ಬಿಚ್ಚಿ ವಿಶ್ರಮಿಸುವುದಕ್ಕೆ, ದನಕರುಗಳು ಬಿಸಿಲ ಹೊತ್ತಿನಲ್ಲಿ ನಿಲ್ಲುವುದಕ್ಕೆ, ಜಾತ್ರೆಯ ದಿನ ಅಡುಗೆಯ ಒಲೆ ಹೂಡುವುದಕ್ಕೆ ಈ ತೋಪುಗಳು ಬಳಕೆಯಾಗುತ್ತ ಬಂದಿವೆ. ಹುಣಸೆ ಫಸಲಿನ ಹರಾಜಿನಿಂದ ಪಂಚಾಯತಿಗೆ ಆದಾಯ ಬರುವ ಊರುಗಳೂ ಉಂಟು. ಇಂದು ಗಾಡಿಗಳು ಇಲ್ಲವಾದುದರಿಂದ ತೋಪು ‘ಖಾಲಿ ಜಾಗ’ವಾಗಿ ಕಾಣತೊಡಗಿದೆ.

ಜಾಗ ಯಾರದು

ಸಾಮಾನ್ಯವಾಗಿ ತೋಪಿನ ನಿರ್ವಹಣೆ ಗ್ರಾಮ ಪಂಚಾಯತಿಯದು, ಒಡೆತನ ಸರ್ಕಾರದ್ದು. ನಿರ್ವಹಿಸುವವರಿಗೆ ಉದ್ದೇಶ ಬದಲಿಸುವ ಅಧಿಕಾರ ತಾನಾಗಿ ಬರುವುದಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕರಣ 71ರ ಅನ್ವಯ ಗೋಮಾಳ, ಸ್ಮಶಾನ, ಗ್ರಾಮಠಾಣ, ಕಣ, ಸಂತೆ ಮೈದಾನ ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ಸರ್ಕಾರಿ ಜಮೀನನ್ನು ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳದು. ಹಾಗೆ ಕಾಯ್ದಿರಿಸಿದ ಜಮೀನನ್ನು ಅವರ ಮಂಜೂರಾತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಗ್ರಾಮಸಭೆಯ ಸರ್ವಾನುಮತದ ನಿರ್ಣಯವೂ ಈ ಮಂಜೂರಾತಿಗೆ ಬದಲಿಯಾಗದು. ನಿರ್ಣಯವು ಪ್ರಸ್ತಾವನೆಯ ಮೊದಲ ಹಾಳೆಯಷ್ಟೆ.

ಆದುದರಿಂದ ಸಭೆಗೆ ಮುನ್ನ ಪಹಣಿ, ಆಕಾರಬಂದು, ಟಿಪ್ಪಣಿ ಮತ್ತು ಗ್ರಾಮ ನಕಾಶೆ ಮೇಜಿನ ಮೇಲಿರುವುದು ಅಗತ್ಯ. ಜನರು ಗುಂಡುತೋಪು ಎನ್ನುವ ಜಾಗ ದಾಖಲೆಯಲ್ಲಿ ಗೋಮಾಳವಾಗಿರಬಹುದು. ಹಾಗಾದರೆ ಕರ್ನಾಟಕ ಭೂಕಂದಾಯ ನಿಯಮಗಳು, 1966ರ ನಿಯಮ 97ರ ಲೆಕ್ಕ ಮುಂದೆ ಬರುತ್ತದೆ: ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ. ಜಾಗವು ಖಾಸಗಿ ಸರ್ವೆ ನಂಬರಿನೊಳಗಿನ ‘ಬ’ ಖರಾಬು ಆಗಿರಲೂ ಸಾಧ್ಯ. ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಬಳಕೆಯ ಕಾರಣ ಕಂದಾಯ ವಿಧಿಸದೆ ಬಿಟ್ಟ ಭಾಗವೇ ‘ಬ’ ಖರಾಬು. ಒಂದೇ ತುಂಡು ನೆಲದ ಮೇಲೆ ನಡೆಯುವ ಚರ್ಚೆ, ದಾಖಲೆಯ ಒಂದು ಪದದಿಂದ ಸಂಪೂರ್ಣ ಬೇರೆಯಾಗುತ್ತದೆ.

28 ಜನವರಿ 2011ರಂದು ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಮೊಕದ್ದಮೆಯಲ್ಲಿ ನೀಡಿದ ತೀರ್ಪನ್ನು ಈ ಸಂದರ್ಭದಲ್ಲಿ ಆಗಾಗ ಉಲ್ಲೇಖಿಸಲಾಗುತ್ತದೆ. ಪಟಿಯಾಲಾ ಜಿಲ್ಲೆಯ ಒಂದು ಗ್ರಾಮದ ಕೆರೆಯ ಜಾಗದಲ್ಲಿ ಮನೆಗಳನ್ನು ಕಟ್ಟಿದ ಪ್ರಕರಣವದು. ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸುವಂತೆ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಭೂರಹಿತ ಕಾರ್ಮಿಕರಿಗೆ ಅಥವಾ ಪರಿಶಿಷ್ಟರಿಗೆ ಸರ್ಕಾರಿ ಅಧಿಸೂಚನೆಯಡಿ ಗುತ್ತಿಗೆ ನೀಡಿದ್ದಲ್ಲಿ, ಅಥವಾ ಶಾಲೆ, ಔಷಧಾಲಯದಂತಹ ಸಾರ್ವಜನಿಕ ಸೌಕರ್ಯ ಈಗಾಗಲೇ ಇದ್ದಲ್ಲಿ ಮಾತ್ರ ಸಕ್ರಮಕ್ಕೆ ಅವಕಾಶವಿರಬಹುದೆಂದೂ ಹೇಳಿತು. ಕೆಲವರು ಈ ವಿನಾಯಿತಿಯನ್ನು ‘ಶಾಲೆ ಕಟ್ಟಬಹುದು’ ಎಂದು ಓದುತ್ತಾರೆ. ತೀರ್ಪು ಹೇಳಿರುವುದು ಈಗಾಗಲೇ ಇರುವ ಶಾಲೆಯ ಮಾತು. ಹೊಸದಾಗಿ ಕಟ್ಟುವುದಕ್ಕೆ ಅದು ಪರವಾನಗಿಯಲ್ಲ.

ಉದ್ಯಾನವೋ ಆಸ್ಪತ್ರೆಯೋ

ಹಸಿರು ಜಾಗ ಮತ್ತು ಸೌಕರ್ಯಗಳ ನಡುವಣ ವಾದದಲ್ಲಿ ಕರ್ನಾಟಕದಿಂದಲೇ ಹೊರಟ ಒಂದು ತೀರ್ಪು ದೇಶಕ್ಕೆ ಮಾದರಿಯಾಗಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು 1976ರಲ್ಲಿ ನಾಗರಿಕ ಸೌಕರ್ಯ ನಿವೇಶನವಾಗಿ ಪರಿವರ್ತಿಸಿ, ಶುಶ್ರೂಷಾಲಯ ನಿರ್ಮಿಸಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ನೀಡಲಾಯಿತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ವಿಭಾಗೀಯ ಪೀಠ ಅವರ ಪರ ತೀರ್ಪಿತ್ತಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಆಸ್ಪತ್ರೆ ಬೇಡವೆಂದು ಯಾರೂ ಹೇಳಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಉದ್ಯಾನವೂ ಒಂದು ಸೌಕರ್ಯವೇ, ಅದನ್ನು ಕಿತ್ತು ಇನ್ನೊಂದನ್ನು ತರುವುದಕ್ಕೆ ಕಾನೂನಿನ ಆಧಾರ ಬೇಕು, ಆ ಜಾಗದ ನೆರೆಯಲ್ಲಿ ವಾಸಿಸುವವರಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದು ತೀರ್ಪಿನ ತಿರುಳು. ಅದು ನಗರ ಯೋಜನೆಯ ಕಾನೂನಿನಡಿ ಬಂದ ತೀರ್ಪು, ಭೂಕಂದಾಯ ಕಾನೂನಿನಡಿಯ ತೋಪಿಗೆ ಅಕ್ಷರಶಃ ಅನ್ವಯಿಸದು. ಆದರೂ ‘ಅಲ್ಲಿ ಏನೂ ಇಲ್ಲವಲ್ಲ’ ಎಂಬ ಮಾತಿಗೆ ಉತ್ತರವಾಗಿ ಅದನ್ನು ಪ್ರತಿ ಸದಸ್ಯರೂ ತಿಳಿದಿರುವುದು ಒಳಿತು.

ಐದು ಗುಂಟೆಯ ಲೆಕ್ಕ

2 ಎಕರೆ 10 ಗುಂಟೆಯ ಒಂದು ತೋಪನ್ನು ಊಹಿಸಿಕೊಳ್ಳಬಹುದು. ಅದರಲ್ಲಿ 800 ಚದರಡಿಯ ಅಂಗನವಾಡಿ ಕಟ್ಟುವ ಪ್ರಸ್ತಾವನೆ ಬಂದಿದೆ. ಒಂದು ಗುಂಟೆಗೆ 1,089 ಚದರಡಿ. ಹೀಗಾಗಿ ‘ಒಂದು ಗುಂಟೆಯೂ ಹೋಗುವುದಿಲ್ಲ’ ಎಂದು ಸಭೆಯಲ್ಲಿ ಹೇಳಲಾಗುತ್ತದೆ. ಮಾತು ಸುಳ್ಳಲ್ಲ, ಪೂರ್ಣವೂ ಅಲ್ಲ. ಮಕ್ಕಳ ಸುರಕ್ಷತೆಗೆ 60 ಅಡಿ ಉದ್ದ, 60 ಅಡಿ ಅಗಲದ ಆವರಣ ಗೋಡೆ ಬೇಕು. ಅದು 3,600 ಚದರಡಿ. ಮುಖ್ಯರಸ್ತೆಯಿಂದ 12 ಅಡಿ ಅಗಲ, 150 ಅಡಿ ಉದ್ದದ ದಾರಿ ಬೇಕು. ಅದು 1,800 ಚದರಡಿ. ಅಲ್ಲಿಗೆ 5,400 ಚದರಡಿ, ಅಂದರೆ ಸುಮಾರು 5 ಗುಂಟೆಯಾಯಿತು. ವಿದ್ಯುತ್ ತಂತಿಗಾಗಿ ಸವರಬೇಕಾದ ಕೊಂಬೆಗಳು ಈ ಲೆಕ್ಕದಲ್ಲಿಲ್ಲ. ರಸ್ತೆ, ನೀರು, ವಿದ್ಯುತ್ ಬಂದ ಮೇಲೆ ಎರಡನೆಯ ಕಟ್ಟಡಕ್ಕೆ ಅದೇ ಜಾಗ ಎಲ್ಲಕ್ಕಿಂತ ಅಗ್ಗವಾಗಿ ತೋರುತ್ತದೆ ಎಂಬುದನ್ನೂ ಮರೆಯಲಾಗದು.

‘ಒಂದು ಮರವನ್ನೂ ಕಡಿಯುವುದಿಲ್ಲ’ ಎಂಬ ಭರವಸೆಯನ್ನೂ ಪರಿಶೀಲಿಸಬೇಕಾಗುತ್ತದೆ. ಮರಕ್ಕೆ ನೀರು, ಸಾರ ಒದಗಿಸುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮಣ್ಣಿನ ಮೇಲಿನ ಎರಡು ಅಡಿಯೊಳಗೇ ಹರಡಿರುತ್ತವೆ ಮತ್ತು ಕೊಂಬೆಗಳ ಹರವನ್ನು ದಾಟಿ ಹೋಗಿರುತ್ತವೆ. ಬುಡದಿಂದ ಆರೆಂಟು ಅಡಿ ದೂರದಲ್ಲಿ 4 ಅಡಿ ಆಳದ ಪಾಯ ತೆಗೆದರೆ ಆ ಬದಿಯ ಬೇರುಗಳು ತುಂಡಾಗುತ್ತವೆ. ಜಲ್ಲಿ, ಮರಳು, ಟಿಪ್ಪರುಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿ ಮಳೆನೀರು ಇಂಗುವುದಿಲ್ಲ. ಮರ ಆ ವರ್ಷ ಸಾಯುವುದಿಲ್ಲ. ಕೆಲವು ವರ್ಷಗಳ ಅನಂತರ ತುದಿಕೊಂಬೆಗಳು ಒಣಗತೊಡಗುತ್ತವೆ. ಬೇರಿನ ಹಿಡಿತ ತಪ್ಪಿದ ಕಡೆಗೆ ಗಾಳಿಗೆ ವಾಲುತ್ತದೆ. ಆಗ ಮಕ್ಕಳ ಸುರಕ್ಷತೆಗಾಗಿ ಮರ ತೆಗೆಯಿರೆಂಬ ಅರ್ಜಿ ಬರುತ್ತದೆ, ಆ ಹೊತ್ತಿಗೆ ಅರ್ಜಿ ನ್ಯಾಯಯುತವೂ ಆಗಿರುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ವೃಕ್ಷಾಧಿಕಾರಿಯ ಅನುಮತಿ ಬೇಕಾಗುವುದು ಮರ ಕಡಿಯುವಾಗ. ನಷ್ಟ ಆರಂಭವಾದದ್ದು ಪಾಯ ತೆಗೆದ ದಿನ. ಅಂದಾಜುಪಟ್ಟಿಯ ನಕ್ಷೆಯಲ್ಲಿ ಪ್ರತಿ ಮರದ ಬುಡವನ್ನೂ ಕೊಂಬೆಗಳ ಹರವನ್ನೂ ಗುರುತಿಸಿದರೆ ಈ ಸಂಗತಿ ಸಭೆಗೆ ಮೊದಲೇ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಒಂದು ಟೇಪು, ಇಬ್ಬರು ಸಿಬ್ಬಂದಿ, ಅರ್ಧ ದಿನ ಸಾಕು.

ಇದೆಲ್ಲದರಿಂದ ಅಂಗನವಾಡಿಯ ಅಗತ್ಯ ಕಡಿಮೆಯಾಗುವುದಿಲ್ಲ. ಶೌಚಾಲಯವಿಲ್ಲದ ಬಾಡಿಗೆ ಕೋಣೆಯಲ್ಲಿ, ಅಡುಗೆಯ ಹೊಗೆಯ ನಡುವೆ ಮಕ್ಕಳು ಕೂರುವ ಊರಿನಲ್ಲಿ ತಾಯಂದಿರ ಬೇಡಿಕೆ ವರ್ಷಗಳಷ್ಟು ಹಳೆಯದಾಗಿರುತ್ತದೆ. ತೋಪು ಉಳಿಯಲಿ ಎನ್ನುವವರು ಮಕ್ಕಳು ಎಲ್ಲಿ ಕೂರಬೇಕೆಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಅಂತಹ ಬೇಡಿಕೆ ಪರಿಶಿಷ್ಟರ ಕಾಲೊನಿಯಿಂದ ಬಂದಾಗ ಮಾತ್ರ ಮರಗಳ ಮೇಲೆ ಪ್ರೀತಿ ಹುಟ್ಟುವುದನ್ನೂ ಸಭೆ ಗಮನಿಸದೆ ಇರದು.

ಪರ್ಯಾಯಗಳನ್ನು ಊರೊಳಗೇ ಹುಡುಕಬಹುದು. ದಾಖಲಾತಿ ಇಳಿದು ಕೊಠಡಿಗಳು ಖಾಲಿ ಬಿದ್ದಿರುವ ಸರ್ಕಾರಿ ಶಾಲೆಯ ಆವರಣ, ಬಳಕೆಯಲ್ಲಿಲ್ಲದ ಸರ್ಕಾರಿ ಕಟ್ಟಡ, ಒತ್ತುವರಿಯಾಗಿರುವ ಗ್ರಾಮಠಾಣದ ಜಾಗ ಇವುಗಳಲ್ಲಿ ಮುಖ್ಯ. ಕೊನೆಯದು ಕಷ್ಟದ ದಾರಿ. ತೋಪಿಗೆ ಕೈಹಾಕುವುದು ಸುಲಭವೆನಿಸುವುದಕ್ಕೆ ಬಹುಪಾಲು ಕಾರಣವೇ ಒತ್ತುವರಿದಾರರಿಗೆ ಸಭೆಯಲ್ಲಿ ದನಿಯಿದೆ, ಮರಗಳಿಗೆ ಇಲ್ಲ ಎಂಬುದು. ಯಾರಾದರೂ ನಿವೇಶನ ದಾನ ನೀಡಲು ಮುಂದೆ ಬಂದರೆ ನೋಂದಾಯಿತ ದಾನಪತ್ರವಾದ ಮೇಲೆಯೇ ಕಾಮಗಾರಿ ಆರಂಭಿಸತಕ್ಕದ್ದು. ಬಾಯಿಮಾತಿನ ದಾನವು ದಾನಿಯ ಮಕ್ಕಳ ಕಾಲಕ್ಕೆ ವ್ಯಾಜ್ಯವಾಗುತ್ತದೆ.

ಸಭೆಯಲ್ಲಿ ಯಾರಿದ್ದರು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಗ್ರಾಮಸಭೆ ಕನಿಷ್ಠ 6 ತಿಂಗಳಿಗೊಮ್ಮೆ ಸೇರತಕ್ಕದ್ದು. ಅದಕ್ಕೆ ಮುನ್ನ ವಾರ್ಡ್ ಸಭೆಗಳಲ್ಲಿ ವಿಷಯ ಚರ್ಚೆಯಾಗಬೇಕು. ಬೆಳಿಗ್ಗೆ 11 ಗಂಟೆಯ ಸಭೆಗೆ ಕುರಿ ಮೇಯಿಸುವವರು ಬರಲಾರರು, ಕೂಲಿಗೆ ಹೋದ ಮಹಿಳೆಯರು ಬರಲಾರರು. ತೋಪನ್ನು ದಿನವೂ ಬಳಸುವವರು ಮುಖ್ಯವಾಗಿ ಇವರೇ. ಒಂದು ವಾರ್ಡ್ ಸಭೆಯನ್ನು ಸಂಜೆ ತೋಪಿನಲ್ಲಿಯೇ ನಡೆಸಿದರೆ ಯಾವ ಮರದ ಬಳಿ ಪಾಯ ಬರುತ್ತದೆಂಬುದನ್ನು ಎಲ್ಲರೂ ನಿಂತು ನೋಡಬಹುದು.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 54 ಎಕರೆ. ಎಲ್ಲ ತೋಪೂ ನಲ್ಲೂರಾಗಲಾರದು. ಆದರೆ ಗ್ರಾಮ ಪಂಚಾಯತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರ ತೋಪಿನ ಮರಗಳು ಹೆಸರು ಮತ್ತು ಸಂಖ್ಯೆಯ ಸಹಿತ ಸೇರಿದ್ದರೆ, ಮುಂದೆ ಯಾರೂ ಅದನ್ನು ಖಾಲಿ ಜಾಗವೆಂದು ಬರೆಯಲಾರರು.

ನಡಾವಳಿ ಪುಸ್ತಕದಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದು ಸಾಲು ಬಹಳ ಕಾಲದಿಂದ ನಡೆದುಬಂದಿದೆ. ಈ ವಿಷಯದಲ್ಲಿ ಅದು ಸಾಲದು. ವಿರೋಧಿಸಿದವರ ಕಾರಣ, ಪರಿಶೀಲಿಸಿದ ಪರ್ಯಾಯ ನಿವೇಶನಗಳು, ಅವುಗಳನ್ನು ಕೈಬಿಟ್ಟ ಕಾರಣ, ಮರಗಳ ಸಂಖ್ಯೆ, ಸರ್ವೆ ನಂಬರು ಮತ್ತು ದಾಖಲೆಯಲ್ಲಿರುವ ವರ್ಗೀಕರಣ ನಡಾವಳಿಯಲ್ಲಿರತಕ್ಕದ್ದು. ಪ್ರಸ್ತಾವನೆ ಜಿಲ್ಲಾಧಿಕಾರಿಗಳ ಕಚೇರಿಗೆ ಹೋದಾಗ ಮೊದಲು ಕೇಳುವುದೂ ಇವನ್ನೇ. ತೋಪಿನ ಗಡಿ ಗುರುತಿಸದಿರುವ ಗ್ರಾಮಗಳಲ್ಲಿ ತಹಶೀಲ್ದಾರರ ಮೂಲಕ ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಕೋರಿಕೆಯನ್ನು ಮುಂದಿನ ಗ್ರಾಮಸಭೆಯ ದಿನಾಂಕ ನಿಗದಿಯಾಗುವ ಮುನ್ನವೇ ಸಲ್ಲಿಸುವುದು ಸೂಕ್ತ.